ಯಾರೇ ಗೆಲ್ಲಲಿ, ನುಡಿ ಸೋಲಬಾರದು

(ಕನ್ನಡ ಯುವಕರ ಕೂಟದಲ್ಲಿ ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ನಿಮ್ಮ ಕರಪತ್ರ, ವಾಲ್‌ಪೋಸ್ಟರು, ರಾಜ್ಯೋತ್ಸವದ ರಸೀದಿ ಪುಸ್ತಕ ಅಚ್ಚು ಹಾಕಿಕೊಡುವವನು. ಓದಿದ್ದು ಪಿಯುಸಿ. ಅಚ್ಚುಮನೆಯವನಿಗೆ ಒಂದು ಚಟ ಇರುತ್ತದೆ. ಯಾವ ದೇಶದ ಚುನಾವಣೆ ಸುದ್ದಿ ಬಂದರೂ ಮತಪತ್ರ ಯಾವ ಭಾಷೆಯಲ್ಲಿ ಅಚ್ಚಾಗಿದೆ ಎಂದೇ ಮೊದಲು ನೋಡುತ್ತೇನೆ. ಹಾಗೆ ನೋಡುತ್ತಾ ನನ್ನ ಮನಸ್ಸು ಹಿಡಿದ ಊರು ಸ್ಪೇನ್ ದೇಶದ ಬಾರ್ಸೆಲೋನಾ. ಇವತ್ತು ಆ ಊರಿನ ನಗರಸಭೆ ಚುನಾವಣೆಯ ಕತೆ ಹೇಳುತ್ತೇನೆ, ಕೇಳಿ.

ಬಾರ್ಸೆಲೋನಾ ಎಂದರೆ ನಿಮಗೆ ಫುಟ್‌ಬಾಲು. ಆ ತಂಡದ ಅಂಗಿ ತೊಟ್ಟು ಓಡಾಡುವ ಹುಡುಗರು ಇಲ್ಲೇ ಇಬ್ಬರು ಮೂವರು ಕಾಣುತ್ತಿದ್ದಾರೆ. ಆದರೆ ಆ ನೆಲದ ಸ್ವಂತ ನುಡಿ ಯಾವುದು? ಸ್ಪ್ಯಾನಿಷ್ ಅಲ್ಲ, ಕೆಟಲಾನ್. ಸ್ಪ್ಯಾನಿಷ್ ಇಡೀ ದೇಶದ ಆಡಳಿತ ಭಾಷೆ. ಬಾರ್ಸೆಲೋನಾದಲ್ಲಿ ಎರಡನ್ನೂ ಆಡುತ್ತಾರೆ. ಈ ಎರಡರ ನಡುವಿನ ಜಗ್ಗಾಟ ಬಹಳ ಹಳೆಯದು.

1931ರ ಏಪ್ರಿಲ್ 12, ಭಾನುವಾರ. ಸ್ಪೇನಿನ ತುಂಬಾ ನಗರಸಭೆ ಚುನಾವಣೆ. ಆರಿಸಬೇಕಾಗಿದ್ದುದು ಊರಿನ ಸದಸ್ಯರನ್ನು ಮಾತ್ರ. ರಾಜ ಇರಬೇಕೋ ಹೋಗಬೇಕೋ ಎಂದು ಯಾರೂ ಮತಪತ್ರದಲ್ಲಿ ಕೇಳಿರಲಿಲ್ಲ. ಆದರೆ ದೊಡ್ಡ ಊರುಗಳಲ್ಲಿ ರಾಜನ ಕಡೆಯವರು ಮಣ್ಣುಮುಕ್ಕಿದರು. ಬಾರ್ಸೆಲೋನಾದಲ್ಲಿ ಗೆದ್ದದ್ದು ಹುಟ್ಟಿ ಒಂದು ತಿಂಗಳೂ ತುಂಬದ ಪಕ್ಷ, ಕೆಟಲಾನ್ ಜನರ ಗಣರಾಜ್ಯವಾದಿ ಎಡಪಕ್ಷ. ಏಪ್ರಿಲ್ 14ರಂದು ಲ್ಯೂಯಿಸ್ ಕೊಂಪಾನಿಸ್ ನಗರಸಭೆಯ ಉಪ್ಪರಿಗೆಯಲ್ಲಿ ನಿಂತು ಗಣರಾಜ್ಯ ಸಾರಿದರು. ಅದೇ ದಿನ ಪಕ್ಷದ ಹಿರಿಯ ಫ್ರಾನ್ಸೆಸ್ಕ್ ಮಾಸಿಯಾ ಕೆಟಲಾನ್ ಗಣರಾಜ್ಯ ಸಾರಿದರು. ಸಂಜೆಗೆ ರಾಜ 13ನೇ ಅಲ್ಫಾನ್ಸೊ ರಾಜಧಾನಿ ಬಿಟ್ಟು ಹೊರಟ. 1932ರಲ್ಲಿ ಕೆಟಲಾನ್ ನುಡಿಗೆ ಸ್ಪ್ಯಾನಿಷ್ ಪಕ್ಕದಲ್ಲಿ ಅಧಿಕೃತ ಸ್ಥಾನ ಬಂತು. ನಲ್ಲಿ, ಚರಂಡಿ, ಬೀದಿದೀಪದ ಚುನಾವಣೆ ಎಂದು ನಾವು ಮೂಗು ಮುರಿಯುತ್ತೇವಲ್ಲ, ಅಂಥದೊಂದು ಚುನಾವಣೆ ಮಾಡಿದ ಕೆಲಸ ಇದು.

ಸಂತೋಷ ಬಹಳ ದಿನ ಉಳಿಯಲಿಲ್ಲ. 1939ರ ಜನವರಿಯಲ್ಲಿ ಫ್ರಾಂಕೊನ ಸೇನೆ ಬಾರ್ಸೆಲೋನಾ ಹೊಕ್ಕಿತು. ಶಾಲೆಯಲ್ಲಿ ಕೆಟಲಾನ್ ಇಲ್ಲ, ಕಚೇರಿಯಲ್ಲಿ ಇಲ್ಲ. ಬೀದಿಗಳ ಹೆಸರು ಸ್ಪ್ಯಾನಿಷ್‌ಗೆ ತಿರುಗಿದವು. ಹುಟ್ಟಿದ ಮಗುವಿನ ಹೆಸರನ್ನೂ ದಾಖಲೆಯಲ್ಲಿ ಸ್ಪ್ಯಾನಿಷ್‌ನಲ್ಲೇ ಬರೆಸಬೇಕು. ಉಪ್ಪರಿಗೆಯಲ್ಲಿ ನಿಂತಿದ್ದ ಆ ಕೊಂಪಾನಿಸರನ್ನು 1940ರ ಅಕ್ಟೋಬರಿನಲ್ಲಿ ಅದೇ ಊರಿನ ಮೊಂಜುಯಿಕ್ ಕೋಟೆಯಲ್ಲಿ ಗುಂಡಿಟ್ಟು ಕೊಂದರು. ಮನೆಯೊಳಗೆ ತಾಯಂದಿರು ನುಡಿಯನ್ನು ಬಚ್ಚಿಟ್ಟು ಕಾಪಾಡಿದರು.

ಫ್ರಾಂಕೊ ಸತ್ತದ್ದು 1975ರಲ್ಲಿ. 1979ರ ಏಪ್ರಿಲ್ 3ರಂದು ಮತ್ತೆ ನಗರಸಭೆಗೆ ಮುಕ್ತ ಚುನಾವಣೆ ನಡೆಯಿತು. ಅದೇ ವರ್ಷ ಕೆಟಲೋನಿಯಾಕ್ಕೆ ಸ್ವಾಯತ್ತತೆ ಬಂತು, 1983ರಲ್ಲಿ ಭಾಷಾ ಕಾನೂನು ಬಂತು. ಇಲ್ಲಿ ಒಂದು ಸಂಗತಿಯನ್ನು ಗಟ್ಟಿಯಾಗಿ ಮನಸ್ಸಿನಲ್ಲಿಡಿ. ಬಾರ್ಸೆಲೋನಾದ ಮಗ್ಗುಲಲ್ಲೇ ಸಾಂತಾ ಕೊಲೋಮಾ ಎಂಬ ಊರಿದೆ. ಸ್ಪೇನಿನ ಬೇರೆ ಕಡೆಗಳಿಂದ ಕೂಲಿ ಹುಡುಕಿ ಬಂದವರ ಊರು. ಮನೆಮಾತು ಸ್ಪ್ಯಾನಿಷ್. ನಮ್ಮ ಮಕ್ಕಳಿಗೆ ಕೆಟಲಾನ್‌ನಲ್ಲೇ ಪಾಠ ಹೇಳಿ ಎಂದು 1980ರ ದಶಕದ ಮೊದಲಲ್ಲಿ ಪಟ್ಟು ಹಿಡಿದವರು ಆ ಕೂಲಿಕಾರರು. ಈ ನೆಲದ ನುಡಿ ಬಂದರೆ ಮಕ್ಕಳು ಇಲ್ಲಿ ಯಾರಿಗೂ ಕಡಿಮೆಯಾಗುವುದಿಲ್ಲ ಎಂದು ಅವರಿಗೆ ಅನಿಸಿತ್ತು. ಬಂದವರಿಗೆ ಹಾಗೆ ಅನಿಸುವಂತೆ ಮಾಡಿದ್ದೇ ಆ ಚಳವಳಿಯ ದೊಡ್ಡ ಗೆಲುವು.

ಈಗ ಅಲ್ಲಿ ಮತ ಹಾಕುವ ರೀತಿ ನೋಡಿ. ನಾಲ್ಕು ವರ್ಷಕ್ಕೊಮ್ಮೆ, ಮೇ ತಿಂಗಳ ನಾಲ್ಕನೇ ಭಾನುವಾರ. ಯಂತ್ರವಿಲ್ಲ, ಕಾಗದವೇ. ಪ್ರತಿ ಪಕ್ಷಕ್ಕೂ ಬೇರೆ ಬೇರೆ ಮತಪತ್ರ. ಅದರಲ್ಲಿ ಆ ಪಕ್ಷದ ಅಭ್ಯರ್ಥಿಗಳ ಪಟ್ಟಿ ಪೂರಾ ಅಚ್ಚಾಗಿರುತ್ತದೆ, ಎರಡೂ ಭಾಷೆಯಲ್ಲಿ. ಬೇಕಾದ ಪಕ್ಷದ ಹಾಳೆಯನ್ನು ಬಿಳಿ ಲಕೋಟೆಗೆ ಹಾಕಿ ಪೆಟ್ಟಿಗೆಗೆ ಬಿಡುವುದು. ಒಟ್ಟು 41 ಸ್ಥಾನ. ಬಿದ್ದ ಮತಕ್ಕೆ ತಕ್ಕ ಹಾಗೆ ಹಂಚಿಕೆ. ನೂರಕ್ಕೆ 5 ಮತ ಬಾರದ ಪಟ್ಟಿಗೆ ಒಂದು ಸ್ಥಾನವೂ ಇಲ್ಲ. ಮೇಯರ್ ಆಗಲು ಸಭೆಯಲ್ಲಿ 21 ಕೈ ಬೇಕು. ಯಾರಿಗೂ 21 ಬಾರದಿದ್ದರೆ ಹೆಚ್ಚು ಮತ ಪಡೆದ ಪಟ್ಟಿಯ ಮೊದಲಿಗನೇ ಮೇಯರ್.

2019ರಲ್ಲಿ ಏನಾಯಿತು? 1931ರ ಆ ಹಳೆಯ ಪಕ್ಷವೇ ಮೊದಲು ಬಂತು. ಪಟ್ಟಿಯ ಮೊದಲಿಗ ಎರ್ನೆಸ್ಟ್ ಮರಗಾಲ್, ಕೆಟಲಾನ್ ಕವಿ ಜೊವಾನ್ ಮರಗಾಲರ ಮೊಮ್ಮಗ. ಅವರಿಗೆ 10 ಸ್ಥಾನ. ಮನೆ ಕಳೆದುಕೊಳ್ಳುತ್ತಿದ್ದವರ ಪರ ಹೋರಾಡಿ 2015ರಲ್ಲಿ ಮೇಯರ್ ಆಗಿದ್ದ ಆದಾ ಕೊಲಾವ್‌ಗೂ 10. ಮತದಲ್ಲಿ ಮರಗಾಲ್ ಐದು ಸಾವಿರದೊಳಗೆ ಮುಂದೆ. ಆದರೆ ಸಮಾಜವಾದಿಗಳ 8 ಕೈ ಕೊಲಾವ್ ಕಡೆ ಎದ್ದವು. ಫ್ರಾನ್ಸಿನ ಪ್ರಧಾನಿಯಾಗಿದ್ದು, ಹುಟ್ಟಿದೂರಿಗೆ ಬಂದು ಸ್ಪರ್ಧಿಸಿದ್ದ ಮ್ಯಾನುಯೆಲ್ ವಾಲ್ಸ್ ಕಡೆಯ 3 ಸೇರಿದವು. ಸರಿಯಾಗಿ 21. ಮೊದಲು ಬಂದವರು ಕೆಳಗೆ ಕುಳಿತರು.

2023ರಲ್ಲೂ ಅದೇ ಕತೆ. ಪ್ರತ್ಯೇಕತೆ ಬಯಸುವ ಇನ್ನೊಂದು ಪಕ್ಷದ ಶವಿಯರ್ ತ್ರಿಯಾಸ್ 11 ಸ್ಥಾನ ಪಡೆದು ಮುಂದೆ ಬಂದರು. ಜೂನ್ 17ರಂದು ಸಭೆ ಸೇರಿದಾಗ ಸಮಾಜವಾದಿ ಜೌಮಾ ಕೊಲ್ಬೋನಿಯವರ 10ಕ್ಕೆ ಕೊಲಾವ್ ಅವರ 9, ಬಲಪಂಥೀಯರ 4 ಸೇರಿ 23 ಆಯಿತು. ಎಡದವರು, ಬಲದವರು ಒಟ್ಟಾಗಿ ಕೈ ಎತ್ತಿದರು.

ಪ್ರತ್ಯೇಕ ದೇಶದ ಮಾತು ನಮಗೆ ಬೇಡ. ನಾನು ಹೇಳಬಂದದ್ದು ಬೇರೆ. ಎರಡು ಸಲವೂ ಸೋತದ್ದು ಪಕ್ಷ, ನುಡಿಯಲ್ಲ. ಮೇಯರ್ ಪೀಠಕ್ಕೆ ಏರಿದ ಕೊಲಾವ್ ಕೆಟಲಾನ್ ಆಡುತ್ತಾರೆ, ಕೊಲ್ಬೋನಿ ಆಡುತ್ತಾರೆ, ಪ್ರತ್ಯೇಕತೆಯನ್ನು ವಿರೋಧಿಸಲೆಂದೇ ಬಂದ ವಾಲ್ಸ್ ಕೂಡ ಆಡಬಲ್ಲರು. ಆ ನುಡಿ ಒಂದೇ ಪಕ್ಷದ ಸೊತ್ತಾಗಿದ್ದರೆ 2019ರಲ್ಲೇ ಅದಕ್ಕೆ ದೊಡ್ಡ ಪೆಟ್ಟು ಬೀಳುತ್ತಿತ್ತು.

ಆದರೂ ಬರೀ ಹೊಗಳಿ ಕೂರುವವನು ನಾನಲ್ಲ. 2003ರಲ್ಲಿ ಕೆಟಲೋನಿಯಾದಲ್ಲಿ ನೂರಕ್ಕೆ 46 ಜನ ದಿನಬಳಕೆಗೆ ಕೆಟಲಾನ್ ಆಡುತ್ತಿದ್ದರು. 2023ರ ಸಮೀಕ್ಷೆಯಲ್ಲಿ ಅದು 32.6ಕ್ಕೆ ಇಳಿದಿತ್ತು. ಕಾನೂನು ಇದೆ, ಬೀದಿಫಲಕ ಇದೆ, ಮೇಯರ್ ಬಾಯಲ್ಲಿ ಇದೆ. ಅಂಗಡಿ ಮುಂದೆ, ಹುಡುಗರ ಹರಟೆಯಲ್ಲಿ ಸವೆಯುತ್ತಿದೆ. ಅಧಿಕಾರದ ನುಡಿಯಾದ ಮೇಲೂ ಬೀದಿಯಲ್ಲಿ ಕಾಯುವ ಕೆಲಸ ಮುಗಿಯುವುದಿಲ್ಲ ಎಂದು ಅವರು ಈಗ ಕಲಿಯುತ್ತಿದ್ದಾರೆ. ನಾವು ಈಗಲೇ ಕಲಿತರೆ ಒಳ್ಳೆಯದು.

ನಮ್ಮ ಬೆಂಗಳೂರಿಗೆ ಬರೋಣ. 2015ರ ಆಗಸ್ಟಿನ ಪಾಲಿಕೆ ಚುನಾವಣೆ. ಒಬ್ಬ ಅಭ್ಯರ್ಥಿ ನನ್ನ ಅಚ್ಚುಮನೆಗೆ ಬಂದ. ಬೇರೆ ಭಾಷೆಗಳಲ್ಲಿ ಮೂರು ಮೂರು ಸಾವಿರ ಕರಪತ್ರ ಹೇಳಿದ. ಕನ್ನಡದ್ದು ಎಷ್ಟು ಸ್ವಾಮಿ ಎಂದೆ. “ಐನೂರು ಸಾಕು. ಕನ್ನಡದವರು ಹೇಗೂ ಅರ್ಥ ಮಾಡಿಕೊಳ್ಳುತ್ತಾರೆ ಬಿಡಿ” ಎಂದ. ಅವನೂ ಕನ್ನಡದವನೇ. ನಾನು ಅಚ್ಚು ಹಾಕಿಕೊಟ್ಟೆ, ದುಡ್ಡು ತೆಗೆದುಕೊಂಡೆ. ಆ ನಾಚಿಕೆ ಇನ್ನೂ ಹೋಗಿಲ್ಲ. ಅದಕ್ಕೇ ಇಲ್ಲಿ ನಿಂತು ಹೇಳುತ್ತಿದ್ದೇನೆ.

ಅವನನ್ನೊಬ್ಬನನ್ನೇ ಬೈದು ಏನು ಫಲ? ಕನ್ನಡದ ಮತಕ್ಕೆ ಕನ್ನಡದಲ್ಲಿ ಕೇಳಬೇಕೆಂಬ ಹೆದರಿಕೆ ಅವನಿಗೆ ಇರಲಿಲ್ಲ, ಯಾಕೆಂದರೆ ನಾವು ಹುಟ್ಟಿಸಿರಲಿಲ್ಲ. ಆ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಐದು ವರ್ಷ ಕಳೆದರೂ ಚುನಾವಣೆ ನಡೆದಿರಲಿಲ್ಲ. 2025ರಲ್ಲಿ ಒಂದು ಪಾಲಿಕೆ ಐದಾಯಿತು. ಅಷ್ಟು ದಿನ ವಾರ್ಡಿಗೆ ಸದಸ್ಯನೇ ಇಲ್ಲದಿದ್ದಾಗ ನಮ್ಮಲ್ಲಿ ಎಷ್ಟು ಜನ ಬೀದಿಗಿಳಿದೆವು? ಸಿನಿಮಾಕ್ಕೆ ಇಳಿದೆವು, ನಾಮಫಲಕಕ್ಕೆ ಇಳಿದೆವು. ವಾರ್ಡಿಗೆ ಇಳಿಯಲಿಲ್ಲ.

ಗೆಳೆಯರೆ, ಮಾಡಬೇಕಾದ್ದು ಮೂರೇ ಕೆಲಸ. ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು, ಮನೆಯವರ ಹೆಸರು ಇದೆಯೋ ನೋಡಿ. ಮತ ಕೇಳಲು ಬಂದವನು ಯಾವ ಪಕ್ಷದವನೇ ಆಗಲಿ, ಕನ್ನಡದಲ್ಲಿ ಕೇಳು, ವಾರ್ಡ್ ಸಭೆಯನ್ನು ಕನ್ನಡದಲ್ಲಿ ನಡೆಸು ಎಂದು ಬಾಗಿಲಲ್ಲೇ ಹೇಳಿ. ಪಕ್ಕದ ಮನೆಗೆ ಹೊರಗಿನಿಂದ ಬಂದವರಿದ್ದರೆ ಜಗಳ ಕಾಯದೆ ಕನ್ನಡ ಕಲಿಸಿ. ಸಾಂತಾ ಕೊಲೋಮಾದ ಕೂಲಿಕಾರರನ್ನು ಮರೆಯಬೇಡಿ.

ನಾನೂ ಒಂದು ಮಾತು ಕೊಡುತ್ತೇನೆ. ಮುಂದಿನ ಪಾಲಿಕೆ ಚುನಾವಣೆಗೆ ನನ್ನ ಅಚ್ಚುಮನೆಯಿಂದ ಹೊರಡುವ ಕರಪತ್ರದಲ್ಲಿ ಕನ್ನಡ ಮೊದಲು, ಕನ್ನಡವೇ ಹೆಚ್ಚು. ಒಪ್ಪದವನು ಬೇರೆ ಅಚ್ಚುಮನೆ ನೋಡಿಕೊಳ್ಳಲಿ. ಈ ಊರಿನಲ್ಲಿ ಅವನಿಗೆ ಬೇರೆ ಅಚ್ಚುಮನೆ ಸಿಗದ ಹಾಗೆ ಮಾಡುವುದು ನಿಮಗೆ ಬಿಟ್ಟದ್ದು.

ಸಿರಿಗನ್ನಡಂ ಗೆಲ್ಗೆ.