ಹಾಲು ನೋಡಿ ಬರೆಯುವ ಊರು



ಚಾಮರಾಜನಗರ ಸೀಮೆಯ ಯಾವುದೇ ಊರಿಗೆ ಬೆಳಗಿನ ಜಾವ ಹೋಗಿ ನೋಡಿ. ಕೋಳಿ ಕೂಗುವ ಹೊತ್ತಿಗೆ ಹಾಲಿನ ಸೊಸೈಟಿಯ ಮುಂದೆ ಸಾಲು ನಿಂತಿರುತ್ತದೆ. ಒಬ್ಬರ ಕೈಯಲ್ಲಿ ಸ್ಟೀಲಿನ ಉಗ್ಗ, ಇನ್ನೊಬ್ಬರ ಕೈಯಲ್ಲಿ ಅಲ್ಯೂಮಿನಿಯಂ ಕ್ಯಾನು. ಹಾಗೆ ಊರೂರಿನಲ್ಲಿ ಕೂಡಿದ ಹಾಲು ಲಾರಿ ಏರಿ ಕುದೇರಿನಲ್ಲಿರುವ ಜಿಲ್ಲಾ ಹಾಲು ಒಕ್ಕೂಟದ ಡೈರಿಯನ್ನು ಸೇರುತ್ತದೆ. ಅಲ್ಲಿಗೆ ತಲುಪಿದ ಮೇಲೆ ಯಾವುದು ಯಾರ ಮನೆಯ ಹಾಲು ಎಂದು ಬೇರ್ಪಡಿಸಲು ಸಾಧ್ಯವಿಲ್ಲ. ಹತ್ತು ಹಸು ಕಟ್ಟಿದವರದೂ ಒಂದೇ ಹಸುವಿನ ವಿಧವೆಯದೂ ಅಲ್ಲಿ ಒಂದೇ ಹಾಲು.

ಆದರ್ಶ ನಗರ ಹೇಗಿರಬೇಕು, ಅದರಲ್ಲಿ ನಾಗರಿಕರ ಸದ್ಗುಣಗಳಿಗೂ ನ್ಯಾಯಕ್ಕೂ ಏನು ಸಂಬಂಧ ಎಂಬುದು ಇಂದಿನ ವಿಷಯ. ಇದು ತತ್ವಶಾಸ್ತ್ರದ ದೊಡ್ಡ ಪ್ರಶ್ನೆ. ನಾನಾದರೋ ವಿಜ್ಞಾನ ಓದಿ, ಟೆಲಿವಿಷನ್ ನಿರ್ಮಾಪಕನಾದವನು. ಆದ್ದರಿಂದ ಇದನ್ನು ಹಾಲಿನ ಸಾಲಿನಿಂದಲೇ ಆರಂಭಿಸಲು ನಿಮ್ಮ ಅಪ್ಪಣೆ ಬೇಡುತ್ತೇನೆ.

ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಗ್ರೀಸಿನ ಪ್ಲೇಟೋ ‘ರಿಪಬ್ಲಿಕ್’ ಗ್ರಂಥದಲ್ಲಿ ಮಾತಿನಲ್ಲೇ ಒಂದು ನಗರವನ್ನು ಕಟ್ಟಿದ. ಅದಕ್ಕೆ ನಾಲ್ಕು ಗುಣಗಳು ಬೇಕೆಂದ: ವಿವೇಕ, ಧೈರ್ಯ, ಸಂಯಮ, ನ್ಯಾಯ. ವಿವೇಕ ಆಳುವವರಲ್ಲಿರಬೇಕು, ಧೈರ್ಯ ಕಾಯುವವರಲ್ಲಿರಬೇಕು. ಧೈರ್ಯವೆಂದರೆ ಉಣ್ಣೆಗೆ ಹತ್ತಿದ ಗಟ್ಟಿ ಬಣ್ಣದಂತೆ; ಭಯವಾಗಲಿ ಆಸೆಯಾಗಲಿ ಎಷ್ಟು ಒಗೆದರೂ ಹೋಗಬಾರದು. ಸಂಯಮ ಮಾತ್ರ ಯಾವುದೋ ಒಂದು ವರ್ಗದ ಸೊತ್ತಲ್ಲ. ವಾದ್ಯದ ತಂತಿಗಳೆಲ್ಲ ಶ್ರುತಿಗೂಡಿದಂತೆ ಅದು ಎಲ್ಲರಲ್ಲೂ ಹರಡಿರಬೇಕು.

ಹಾಗಾದರೆ ನ್ಯಾಯ ಎಲ್ಲಿದೆ? ಪೊದೆಯನ್ನು ಸುತ್ತುವರಿದ ಬೇಟೆಗಾರರಂತೆ ಹುಡುಕೋಣ ಎನ್ನುತ್ತಾನೆ ಅವನ ಸಾಕ್ರಟೀಸ್. ಕೊನೆಗೆ ನೋಡಿದರೆ ಅದು ಮೊದಲಿನಿಂದಲೂ ಕಾಲ ಬುಡದಲ್ಲೇ ಬಿದ್ದಿತ್ತು! ಪ್ರತಿಯೊಬ್ಬನೂ ತನ್ನ ಕೆಲಸವನ್ನು ತಾನು ಮಾಡಿ, ಇನ್ನೊಬ್ಬರದಕ್ಕೆ ಕೈಹಾಕದಿರುವುದೇ ನ್ಯಾಯ ಎಂಬುದು ಅವರು ಕಂಡ ಉತ್ತರ.

ಇದನ್ನು ಓದುವಾಗ ನಮಗೊಂದು ಅಳುಕು ಹುಟ್ಟಬೇಕು. ‘ನಿನ್ನ ಕೆಲಸ ನೀನು ಮಾಡು’ ಎಂಬ ಮಾತನ್ನು ನಮ್ಮ ನೆಲದಲ್ಲಿ ಯಾರು ಯಾರಿಗೆ ಹೇಳುತ್ತ ಬಂದಿದ್ದಾರೆ ಎಂಬುದು ನಿಮಗೆ ತಿಳಿದದ್ದೇ. ಲಾಹೋರಿನ ಸಮ್ಮೇಳನವೊಂದಕ್ಕೆಂದು ಸಿದ್ಧಪಡಿಸಿ, ಆ ಸಮ್ಮೇಳನವೇ ರದ್ದಾದಾಗ 1936ರಲ್ಲಿ ತಾವೇ ಅಚ್ಚು ಹಾಕಿಸಿದ ಭಾಷಣದಲ್ಲಿ ಡಾ. ಅಂಬೇಡ್ಕರ್ ಚಾತುರ್ವರ್ಣ್ಯವನ್ನು ಪ್ಲೇಟೋನ ವಿಂಗಡಣೆಯ ಪಕ್ಕದಲ್ಲಿಟ್ಟು ಪರಿಶೀಲಿಸಿದರು. ಮನುಷ್ಯರನ್ನು ಮೂರು ನಾಲ್ಕು ಗೂಡುಗಳಲ್ಲಿ ತುಂಬಲಾಗದು, ಪ್ರತಿಯೊಬ್ಬ ವ್ಯಕ್ತಿಯೂ ಅನನ್ಯ ಎಂಬುದು ಪ್ಲೇಟೋಗೆ ಹೊಳೆಯಲಿಲ್ಲ ಎಂಬುದು ಅವರ ಆಕ್ಷೇಪದ ಸಾರ. ಪ್ಲೇಟೋನ ಪರವಾಗಿ ಹೇಳಬಹುದಾದದ್ದೂ ಇದೆ. ಕಂಚಿನ ತಂದೆಗೆ ಚಿನ್ನದ ಮಗು ಹುಟ್ಟಬಹುದು, ಹುಟ್ಟಿದರೆ ಅದನ್ನು ಮೇಲಕ್ಕೆ ತರಬೇಕು ಎಂದವನು ಅವನು. ಹೆಂಗಸರೂ ಆಳಬಲ್ಲರು ಎಂದವನು. ಆದರೂ ಅಂಬೇಡ್ಕರರ ಪ್ರಶ್ನೆ ಉಳಿಯುತ್ತದೆ: ಯಾರು ಚಿನ್ನ, ಯಾರು ಕಂಚು ಎಂದು ಒರೆಗೆ ಹಚ್ಚುವವರು ಯಾರು? ಆ ಒರೆಗಲ್ಲು ಎಲ್ಲರಿಗೂ ಒಂದೆಯೇ?

ಇಲ್ಲಿಗೆ ನಮ್ಮ ಹಾಲಿನ ಸಾಲಿಗೆ ಹಿಂದಿರುಗೋಣ. ಸಹಕಾರ ಸಂಘದ ನಿಯಮ ಸರಳ. ಎಷ್ಟು ಹಾಲು ಹಾಕಿದರೆ ಅಷ್ಟಕ್ಕೆ ದುಡ್ಡು. ಮತ ಮಾತ್ರ ಒಬ್ಬರಿಗೆ ಒಂದೇ. ನಮ್ಮ ನಾಡಿಗೆ ಇದು ಹೊಸದಲ್ಲ. ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು 1905ರಲ್ಲಿ. ಆದರೆ ಹಾಲಿಗೆ ತನ್ನದೇ ಒಂದು ಪರೀಕ್ಷೆ ಉಂಟು. ಅದರೊಳಗೆ ನೀರು ಕಾಣುವುದಿಲ್ಲ.

ಪ್ಲೇಟೋನ ಗ್ರಂಥದಲ್ಲಿ ಒಂದು ಉಂಗುರದ ಕಥೆ ಬರುತ್ತದೆ. ಲಿಡಿಯಾ ದೇಶದ ಕುರಿಗಾಹಿಯೊಬ್ಬನಿಗೆ ಅದೃಶ್ಯನಾಗುವ ಉಂಗುರ ಸಿಕ್ಕಿತು. ಅದರ ಬಲದಿಂದ ಅವನು ರಾಜನನ್ನೇ ಕೊಂದು ಸಿಂಹಾಸನ ಏರಿದ. ಯಾರೂ ನೋಡದಿದ್ದರೆ ಯಾರು ತಾನೇ ನ್ಯಾಯವಂತನಾಗಿ ಉಳಿದಾನು ಎಂಬುದು ಅಲ್ಲಿನ ಪ್ರಶ್ನೆ. ನಸುಕಿನ ನಾಲ್ಕು ಗಂಟೆಗೆ, ಕೊಟ್ಟಿಗೆಯ ಕತ್ತಲಲ್ಲಿ, ಒಂದು ಚೆಂಬು ನೀರು ಕೈಗೆಟುಕುವಷ್ಟು ಹತ್ತಿರದಲ್ಲಿರುವಾಗ ಪ್ರತಿ ಮನೆಯವರ ಬೆರಳಲ್ಲೂ ಆ ಉಂಗುರ ಇರುತ್ತದೆ.

ಅದಕ್ಕೆಂದೇ ಲ್ಯಾಕ್ಟೋಮೀಟರ್ ಬಂತು. ನೀರಿನ ಸಾಂದ್ರತೆ 1 ಎಂದಿಟ್ಟುಕೊಂಡರೆ ಹಸುವಿನ ಹಾಲಿನದು ಸುಮಾರು 1.028ರಿಂದ 1.032. ನೀರು ಬೆರೆತರೆ ಗಾಜಿನ ಬುರುಡೆ ಕೆಳಗೆ ಮುಳುಗುತ್ತದೆ. ಇಲ್ಲಿಗೆ ಎಲ್ಲ ಮುಗಿಯಿತು ಎನ್ನುವಿರಾ? ಇಲ್ಲ. ಕೆನೆ ಉಳಿದ ಹಾಲಿಗಿಂತ ಹಗುರ. ಕೆನೆ ತೆಗೆದರೆ ಹಾಲಿನ ಸಾಂದ್ರತೆ ಏರುತ್ತದೆ, ಮೇಲೆ ನೀರು ಬೆರೆಸಿದರೆ ಇಳಿಯುತ್ತದೆ. ಎರಡು ಮೋಸವನ್ನೂ ಹದವಾಗಿ ಮಾಡಿದರೆ ಲ್ಯಾಕ್ಟೋಮೀಟರ್ ‘ಶುದ್ಧ ಹಾಲು’ ಎಂದು ಸಾಕ್ಷಿ ಹೇಳಿಬಿಡುತ್ತದೆ! ಆದ್ದರಿಂದಲೇ ಕೊಬ್ಬಿನ ಪರೀಕ್ಷೆಯೂ ಬೇಕಾಯಿತು. 19ನೆಯ ಶತಮಾನದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಗರ್ಬರ್ ಎಂಬವರು ರೂಪಿಸಿದ ವಿಧಾನದಲ್ಲಿ ಗಂಧಕಾಮ್ಲ ಹಾಕಿ ಹಾಲನ್ನು ಗಿರ್ರನೆ ತಿರುಗಿಸುತ್ತಾರೆ. ಉಳಿದದ್ದೆಲ್ಲ ಕರಗಿ ಕೊಬ್ಬು ಮೇಲೆ ಬಂದು ನಿಲ್ಲುತ್ತದೆ. ಈಗ ಅನೇಕ ಸಂಘಗಳಲ್ಲಿ ವಿದ್ಯುತ್ ಯಂತ್ರವೇ ಕ್ಷಣದಲ್ಲಿ ಅಂಕಿ ತೋರಿಸುತ್ತದೆ.

ಇದರಿಂದ ನಾನು ಕಲಿತ ಪಾಠ ಇಷ್ಟು. ಒಂದೇ ಅಳತೆಯಿಂದ ಹಾಲಿನ ಸತ್ಯ ತಿಳಿಯದು. ಒಂದೇ ಸದ್ಗುಣದಿಂದ ನಗರದ ನ್ಯಾಯವೂ ತಿಳಿಯದು. ವಿವೇಕ ಮಾತ್ರವಿದ್ದು ಧೈರ್ಯವಿಲ್ಲದ ಊರಲ್ಲಿ ಅನ್ಯಾಯ ಎಲ್ಲರಿಗೂ ಗೊತ್ತಿರುತ್ತದೆ, ಯಾರೂ ಬಾಯಿ ಬಿಡುವುದಿಲ್ಲ. ಸಂಯಮ ಮಾತ್ರವಿರುವ ಊರು ಹೊರನೋಟಕ್ಕೆ ಬಲು ಶಾಂತ. ಕೆನೆ ತೆಗೆದು ನೀರು ಬೆರೆಸಿದ ಹಾಲಿನಂತೆ ಅದೂ ಪರೀಕ್ಷೆಯಲ್ಲಿ ಪಾಸಾಗುತ್ತದೆ.

ಈ ಪಾಠವನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಕೆಲವು ವರ್ಷಗಳ ಹಿಂದೆ ಹೈನುಗಾರಿಕೆಯ ಕಾರ್ಯಕ್ರಮವೊಂದಕ್ಕಾಗಿ ಇದೇ ಸೀಮೆಯ ಒಂದು ಊರಿನಲ್ಲಿ ಚಿತ್ರೀಕರಣ ನಡೆಸುತ್ತಿದ್ದೆವು. ಊರಿನ ಹೆಸರು ಬೇಡ. ಸಾಲು ಸೊಗಸಾಗಿತ್ತು, ಬೆಳಕೂ ಸೊಗಸಾಗಿತ್ತು. ಹಾಲು ಅಳೆಯುತ್ತಿದ್ದ ಯುವಕ ಕೆಲವರ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟು ನೋಡುತ್ತಿದ್ದ. ಕೆಲವರದಕ್ಕೆ ಇಳಿಬಿಡದೆಯೇ ಪುಸ್ತಕದಲ್ಲಿ ಅಂಕಿ ಬರೆಯುತ್ತಿದ್ದ. ಊರಾಚೆಯ ಕೇರಿಯಿಂದ ಬಂದಿದ್ದ ಒಬ್ಬ ಮುದುಕಿ ತನ್ನ ಸರದಿ ಬಂದಾಗ ಉಗ್ಗವನ್ನು ಕೈಬಿಡದೆ ನಿಂತಳು. “ಅಪ್ಪಾ, ಆಲ ನೋಡಿ ಬರಿ, ಮೊಕ ನೋಡಿ ಬರೀಬ್ಯಾಡ” ಎಂದಳು.

ಸಾಲು ಮೌನವಾಯಿತು. ಯುವಕ ಏನೋ ಗದರಿದ. ನಾನು ಛಾಯಾಗ್ರಾಹಕರಿಗೆ ಕೈಸನ್ನೆ ಮಾಡಿ ಕ್ಯಾಮೆರಾ ನಿಲ್ಲಿಸಿಸಿದೆ. ಗಲಾಟೆ ತಣ್ಣಗಾದ ಮೇಲೆ ಮತ್ತೆ ಚಿತ್ರೀಕರಿಸಿದೆವು. ಕಾರ್ಯಕ್ರಮ ಪ್ರಸಾರವಾಯಿತು, ಚೆನ್ನಾಗಿದೆ ಎಂದು ಪತ್ರಗಳೂ ಬಂದವು. ಆ ಮುದುಕಿಯ ಮಾತು ಅದರಲ್ಲಿರಲಿಲ್ಲ.

ಯೋಚಿಸಿ ನೋಡಿ. ಅಂದು ಅಲ್ಲಿ ಎಲ್ಲ ಸದ್ಗುಣಗಳೂ ಇದ್ದವು. ಅಳತೆಯ ವಿವೇಕ ಆ ಗಾಜಿನ ಬುರುಡೆಯಲ್ಲಿತ್ತು. ಸಂಯಮ ಸಾಲಿನಲ್ಲಿತ್ತು. ಧೈರ್ಯ ಒಬ್ಬಳಲ್ಲಿತ್ತು. ಅವು ಒಂದನ್ನೊಂದು ಕೂಡಲಿಲ್ಲ, ಅಷ್ಟೆ. ಸಾಲಿನಲ್ಲಿದ್ದ ಇನ್ನೊಬ್ಬರು ‘ಹೌದು, ಎಲ್ಲರದನ್ನೂ ಒಂದೇ ಸಮ ನೋಡು’ ಎಂದಿದ್ದರೆ ಸಾಕಿತ್ತು. ನಾನು ಕ್ಯಾಮೆರಾ ನಿಲ್ಲಿಸದೆ ಇದ್ದರೂ ಸಾಕಿತ್ತು. ನನ್ನ ಕೆಲಸ ನೋಡುವುದು, ನೋಡಿದ್ದನ್ನು ತೋರಿಸುವುದು. ಪ್ಲೇಟೋನ ಮಾತಿನಲ್ಲೇ ಹೇಳುವುದಾದರೆ, ನಾನು ನನ್ನ ಕೆಲಸ ಮಾಡಲಿಲ್ಲ.

ಹೀಗೆ ನೋಡಿದರೆ ‘ನಿನ್ನ ಕೆಲಸ ನೀನು ಮಾಡು’ ಎಂಬ ಮಾತಿಗೆ ಬೇರೆಯೇ ಅರ್ಥ ಬರುತ್ತದೆ. ಅದು ಹುಟ್ಟಿನಿಂದ ಬಂದ ಕಸುಬಲ್ಲ. ಅಳೆಯುವವನು ಎಲ್ಲರದನ್ನೂ ಅಳೆಯಬೇಕು, ಸಾಲಿನಲ್ಲಿ ನಿಂತವರು ಪಕ್ಕದವರ ಅಳತೆಗೂ ಕಣ್ಣಿಡಬೇಕು, ಕೊಟ್ಟಿಗೆಯ ಕತ್ತಲಲ್ಲಿ ಚೆಂಬು ಹಿಡಿದವರು ಕೈ ತಡೆಯಬೇಕು. ಅಳೆಯುವವರನ್ನು ನಂಬಲಾಗದ ಊರಿನಲ್ಲಿ ಹಾಲು ಹಾಕುವವರ ಪ್ರಾಮಾಣಿಕತೆಯೂ ಬಹಳ ದಿನ ಬಾಳದು. ಹೇಗೂ ಮುಖ ನೋಡಿಯೇ ಬರೆಯುವುದಾದರೆ ಒಳ್ಳೆಯ ಹಾಲನ್ನೇಕೆ ತರಬೇಕು? ನ್ಯಾಯಕ್ಕೆ ಸದ್ಗುಣ ಬೇಕು, ನಿಜ. ಸದ್ಗುಣ ಉಳಿಯಲೂ ನ್ಯಾಯ ಬೇಕು.

ಆದರ್ಶ ನಗರ ದೂರದಲ್ಲೆಲ್ಲೋ ಇಲ್ಲ. ನಾಳೆ ಬೆಳಿಗ್ಗೆ ನಿಮ್ಮೂರಿನಲ್ಲಿ ಯಾವುದಾದರೊಂದು ಸಾಲಿನಲ್ಲಿ, ಅದು ಪಡಿತರದ ಅಂಗಡಿಯದಿರಲಿ, ಆಸ್ಪತ್ರೆಯದಿರಲಿ, ನಿಂತಾಗ ಒಮ್ಮೆ ಗಮನಿಸಿ. ಅಲ್ಲಿ ಹಾಲು ನೋಡಿ ಬರೆಯುತ್ತಿದ್ದಾರೆಯೇ, ಮುಖ ನೋಡಿ ಬರೆಯುತ್ತಿದ್ದಾರೆಯೇ? ಎರಡನೆಯದಾದರೆ, ಮಾತಾಡುವ ಮೊದಲನೆಯವರು ನೀವಾಗದಿದ್ದರೂ ಚಿಂತೆಯಿಲ್ಲ. ಎರಡನೆಯವರಾಗಿ.