ಆರಿಹೋಗುವ ಗಣಕಯಂತ್ರ, ಕಪ್ಪಾದ ಪರದೆ



ಡೆಸ್ಕ್‌ಟಾಪ್ ಕಂಪ್ಯೂಟರ್ ಕೆಲಸ ಮಾಡುತ್ತಿದ್ದಂತೆಯೇ ಥಟ್ಟನೆ ಆರಿಹೋಗುತ್ತದೆ. ಮತ್ತೆ ಗುಂಡಿ ಒತ್ತಿದರೆ ಒಳಗೆ ಫ್ಯಾನ್ ತಿರುಗುವ ಸದ್ದು ಕೇಳಿಸುತ್ತದೆ. ಪರದೆ ಮಾತ್ರ ಕಪ್ಪಾಗಿಯೇ ಇರುತ್ತದೆ. ಮರುದಿನ ಪ್ರಾಜೆಕ್ಟ್ ವರದಿ ಒಪ್ಪಿಸಬೇಕಾದವರ ಪಾಡು ಹೇಳತೀರದು. ಅಂಗಡಿಗೆ ಒಯ್ದರೆ "ಮದರ್‌ಬೋರ್ಡ್ ಹೋಗಿದೆ" ಎಂದು ಒಂದೇ ಮಾತಿನಲ್ಲಿ ತೀರ್ಪು ಬರುವುದೂ ಉಂಟು. ಶಾಲೆಯ ಕಂಪ್ಯೂಟರ್ ಕೊಠಡಿಯ ಮೂಲೆಯಲ್ಲಿ ಹೀಗೆ 'ಸತ್ತುಹೋದ' ಯಂತ್ರಗಳು ಧೂಳು ಹಿಡಿದು ಕುಳಿತಿರುವುದನ್ನು ನೀವು ನೋಡಿರಬಹುದು. ಅವುಗಳಲ್ಲಿ ಕೆಲವಕ್ಕೆ ಬೇಕಾಗಿರುವುದು ಪೆನ್ಸಿಲ್ ಗೀಟು ಅಳಿಸುವ ಒಂದು ರಬ್ಬರ್ ಮತ್ತು ಅರ್ಧ ಗಂಟೆಯ ತಾಳ್ಮೆ, ಅಷ್ಟೆ.

ಮೊದಲು ಒಂದು ಸಮಾಧಾನದ ಮಾತು. ಪರದೆ ಕಪ್ಪಾದ ಮಾತ್ರಕ್ಕೆ ನಿಮ್ಮ ಕಡತಗಳು ಅಳಿಸಿಹೋಗುವುದಿಲ್ಲ. ನೀವು ಉಳಿಸಿಟ್ಟ ಬರಹ ಹಾರ್ಡ್ ಡಿಸ್ಕ್‌ನಲ್ಲಿ ಅಥವಾ ಎಸ್‌ಎಸ್‌ಡಿಯಲ್ಲಿ ಇರುತ್ತದೆ. ಅದನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ಓದಬಹುದು. (ಡಿಸ್ಕ್‌ಗೆ ಬಿಟ್‌ಲಾಕರ್‌ನಂತಹ ಬೀಗ ಹಾಕಿದ್ದರೆ ಅದರ ಕೀಲಿಸಂಖ್ಯೆ ಬೇಕಾಗುತ್ತದೆ.) ಆದ್ದರಿಂದ "ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ" ಎಂದು ಯಾರಾದರೂ ಹೇಳಿದರೆ ಕೂಡಲೇ ಒಪ್ಪಬೇಡಿ. ಪರದೆಯ ಮೇಲೆ ಮೊದಲ ಅಕ್ಷರವೇ ಮೂಡದ ಯಂತ್ರ ಡಿಸ್ಕನ್ನು ಓದುವ ಹಂತಕ್ಕೆ ಇನ್ನೂ ಬಂದಿರುವುದೇ ಇಲ್ಲ. ಅಂಥದ್ದಕ್ಕೆ ಫಾರ್ಮ್ಯಾಟ್ ಮಾಡುವುದೆಂದರೆ ಹಲ್ಲುನೋವಿಗೆ ಕಾಲಿಗೆ ಪಟ್ಟಿ ಕಟ್ಟಿದಂತೆ.

ಹಾಗಾದರೆ ಗುಂಡಿ ಒತ್ತಿದ ಮೇಲೆ ಒಳಗೆ ಏನು ನಡೆಯುತ್ತದೆ? ನಾವು ರೂಢಿಯಲ್ಲಿ 'ಸಿಪಿಯು' ಎಂದು ಕರೆಯುವ ಪೆಟ್ಟಿಗೆಯಲ್ಲಿ (ನಿಜವಾದ ಸಿಪಿಯು ಅದರೊಳಗಿನ ಒಂದು ಚಿಕ್ಕ ಚಿಪ್ ಮಾತ್ರ) ಎಸ್‌ಎಂಪಿಎಸ್ ಎಂಬ ಲೋಹದ ಡಬ್ಬಿ ಇದೆ. ಗೋಡೆಯ 230 ವೋಲ್ಟ್ ವಿದ್ಯುತ್ತನ್ನು ಅದು 12, 5 ಮತ್ತು 3.3 ವೋಲ್ಟ್‌ಗಳ ನೇರ ವಿದ್ಯುತ್ತಾಗಿ ಪರಿವರ್ತಿಸುತ್ತದೆ. ಇಂಟೆಲ್ ಸಂಸ್ಥೆ 1995ರಲ್ಲಿ ಪ್ರಕಟಿಸಿದ ಎಟಿಎಕ್ಸ್ ಮಾದರಿಯ ಪ್ರಕಾರ, ಈ ವೋಲ್ಟೇಜುಗಳು ಸ್ಥಿರಗೊಂಡ ಬಳಿಕ ಎಸ್‌ಎಂಪಿಎಸ್ ಒಂದು ತಂತಿಯ ಮೂಲಕ "ವಿದ್ಯುತ್ ಸರಿಯಿದೆ" ಎಂಬ ಸಂಕೇತ ಕಳಿಸುತ್ತದೆ. ಆ ಸಂಕೇತ ಬರುವವರೆಗೆ ಪ್ರೊಸೆಸರ್ ಕದಲುವುದಿಲ್ಲ. ಬಂದ ಮೇಲೆ ಅದು ಬಯಾಸ್ ಎಂಬ ಮೂಲ ತಂತ್ರಾಂಶವನ್ನು ಓದಿ ತನ್ನ ಅಂಗಾಂಗಗಳನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ: ರ‍್ಯಾಮ್ ಇದೆಯೇ, ಚಿತ್ರ ಮೂಡಿಸುವ ಭಾಗ ಇದೆಯೇ ಎಂದು. ಇವೆಲ್ಲ ಮುಗಿದ ನಂತರವೇ ಪರದೆಗೆ ಬೆಳಕು. ಫ್ಯಾನ್ ತಿರುಗಿತೆಂದರೆ 12 ವೋಲ್ಟ್ ತಲುಪಿದೆ ಎಂದಷ್ಟೇ ಅರ್ಥ; ಕಂಪ್ಯೂಟರ್ ಎಚ್ಚರಗೊಂಡಿದೆ ಎಂದಲ್ಲ.

ಎಚ್ಚರಗೊಂಡಿದೆಯೇ ಎಂದು ತಿಳಿಯಲು ಪೆಟ್ಟಿಗೆ ಬಿಚ್ಚಬೇಕಾಗಿಲ್ಲ. ಯಂತ್ರ ಹಾಕಿ ಒಂದು ನಿಮಿಷ ಬಿಟ್ಟು ಕೀಲಿಮಣೆಯ ನಮ್‌ಲಾಕ್ ಗುಂಡಿ ಒತ್ತಿ. ಪುಟ್ಟ ದೀಪ ಹತ್ತಿ ಆರುತ್ತಿದ್ದರೆ ಒಳಗೆ ಯಂತ್ರ ಕೆಲಸ ಮಾಡುತ್ತಲೇ ಇದೆ, ಚಿತ್ರ ಮಾತ್ರ ನಿಮ್ಮನ್ನು ತಲುಪುತ್ತಿಲ್ಲ. ಆಗ ಮಾನಿಟರ್, ಅದರ ಕೇಬಲ್, ಮಾನಿಟರಿನಲ್ಲಿ ಆರಿಸಿರುವ ಇನ್‌ಪುಟ್ ಇವುಗಳನ್ನು ನೋಡಬೇಕು. ಮಾನಿಟರ್ "ನೋ ಸಿಗ್ನಲ್" ಎಂದು ತೋರಿಸುತ್ತಿದ್ದರೆ ಅದರ ಪರದೆ ಕೆಟ್ಟಿಲ್ಲವೆಂದು ಅದೇ ಹೇಳಿದಂತಾಯಿತು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರದಲ್ಲಿ ಕೇಬಲನ್ನು ಮದರ್‌ಬೋರ್ಡಿನ ಕಿಂಡಿಗೆ ಸಿಕ್ಕಿಸಿ ಚಿತ್ರವಿಲ್ಲವೆಂದು ಪರದಾಡುವವರು ಬಹಳ ಮಂದಿ. ಇಂಟೆಲ್ ಪ್ರೊಸೆಸರಿನ ಹೆಸರು 'ಎಫ್' ಅಕ್ಷರದಿಂದ ಮುಗಿದರೆ ಅದರಲ್ಲಿ ಚಿತ್ರ ಮೂಡಿಸುವ ಭಾಗವೇ ಇರುವುದಿಲ್ಲ; ಅಲ್ಲಿ ಕಾರ್ಡಿನ ಕಿಂಡಿಯೇ ಗತಿ.

ನಮ್‌ಲಾಕ್ ದೀಪ ಹತ್ತದಿದ್ದರೆ ಪೆಟ್ಟಿಗೆಯ ಪಕ್ಕದ ಹಲಗೆ ತೆಗೆಯಬೇಕಾಗುತ್ತದೆ. ಅದಕ್ಕೆ ಮುನ್ನ ಪ್ಲಗ್ಗನ್ನು ಗೋಡೆಯಿಂದ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದೇ ಎಂದರೆ, ಸಾಲದು. ಕಂಪ್ಯೂಟರ್ ಆರಿರುವಾಗಲೂ ಪ್ಲಗ್ಗಿನಲ್ಲಿ ವಿದ್ಯುತ್ ಇದ್ದರೆ ಮದರ್‌ಬೋರ್ಡಿಗೆ 5 ವೋಲ್ಟ್ ಹರಿಯುತ್ತಲೇ ಇರುತ್ತದೆ. ಪ್ಲಗ್ ಕಿತ್ತ ಮೇಲೆ ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಬೋರ್ಡಿನಲ್ಲಿ ಉಳಿದ ವಿದ್ಯುದಂಶ ಖಾಲಿಯಾಗುತ್ತದೆ. ಅನಂತರ ಪೆಟ್ಟಿಗೆಯ ಲೋಹವನ್ನು ಮುಟ್ಟಿ ನಿಮ್ಮ ಮೈಯಲ್ಲಿರುವ ಸ್ಥಿರ ವಿದ್ಯುತ್ತನ್ನು ಕಳೆದುಕೊಳ್ಳಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಎಂದಿಗೂ ಬಿಚ್ಚಕೂಡದು. 230 ವೋಲ್ಟ್ ವಿದ್ಯುತ್ತು ಅದರೊಳಗೆ ನೇರ ವಿದ್ಯುತ್ತಾದಾಗ ಸುಮಾರು 325 ವೋಲ್ಟ್ ಆಗುತ್ತದೆ. ಪ್ಲಗ್ ಕಿತ್ತ ನಂತರವೂ ಕೆಪಾಸಿಟರುಗಳು ಅದನ್ನು ಹಿಡಿದಿಟ್ಟುಕೊಂಡಿರಬಲ್ಲವು. ಅದು ಪ್ರಾಣಕ್ಕೆ ಅಪಾಯ.

ಇನ್ನು ರ‍್ಯಾಮ್. ಕಪ್ಪು ಪರದೆಯ ಪ್ರಕರಣಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಕರಾವಳಿಯ ಉಪ್ಪುಗಾಳಿ, ಮಲೆನಾಡಿನ ಮಳೆಗಾಲದ ತೇವ, ಬಯಲುಸೀಮೆಯ ಧೂಳು, ಇವುಗಳಿಂದ ಅದರ ಅಂಚಿನ ಹೊಂಬಣ್ಣದ ಪಟ್ಟಿಗಳ ಮೇಲೆ ತೆಳುವಾದ ಪೊರೆ ಕಟ್ಟಿ ಸಂಪರ್ಕ ತಪ್ಪುತ್ತದೆ. ಎರಡೂ ತುದಿಯ ಕೊಂಡಿಗಳನ್ನು ಬಿಡಿಸಿ ರ‍್ಯಾಮನ್ನು ಅಂಚು ಹಿಡಿದು ಹೊರತೆಗೆಯಿರಿ. ಪೆನ್ಸಿಲ್ ಅಳಿಸುವ ಮೆದು ರಬ್ಬರಿನಿಂದ ಹಗುರವಾಗಿ ಉಜ್ಜಿ, ಉದುರಿದ ಪುಡಿಯನ್ನು ಒಣಬಟ್ಟೆಯಿಂದ ಒರೆಸಿ. ಶಾಯಿ ಅಳಿಸುವ ಮರಳುಮರಳಾದ ರಬ್ಬರ್ ಬೇಡ, ಅದು ಚಿನ್ನದ ಲೇಪವನ್ನೇ ಕೆರೆದುಹಾಕುತ್ತದೆ. ಮತ್ತೆ ಹಾಕುವಾಗ 'ಟಕ್' ಎಂದು ಕೊಂಡಿ ಕೂರುವವರೆಗೆ ಒತ್ತಿ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ. ಕೆಟ್ಟದ್ದು ಯಾವುದೆಂದು ತಾನೇ ಬಯಲಾಗುತ್ತದೆ.

ಇಲ್ಲಿ ಒಂದು ಸೊಗಸಾದ ಪರೀಕ್ಷೆ ಇದೆ. ರ‍್ಯಾಮ್ ಎಲ್ಲವನ್ನೂ ತೆಗೆದಿಟ್ಟು ಯಂತ್ರ ಹಾಕಿ. ಮದರ್‌ಬೋರ್ಡಿಗೆ ಪುಟ್ಟ ಸ್ಪೀಕರ್ ಜೋಡಿಸಿದ್ದು ಅದು ಬೀಪ್ ಬೀಪ್ ಎಂದು ಕೂಗಿದರೆ ಸಂತೋಷಪಡಿ! ರ‍್ಯಾಮ್ ಇಲ್ಲವೆಂದು ದೂರಬೇಕಾದರೆ ಪ್ರೊಸೆಸರ್, ಬಯಾಸ್, ಬೋರ್ಡ್ ಮೂರೂ ಜೀವಂತವಾಗಿರಲೇಬೇಕಲ್ಲವೇ? "ಮದರ್‌ಬೋರ್ಡ್ ಹೋಗಿದೆ" ಎಂಬ ತೀರ್ಪಿಗೆ ಇದೇ ಮೇಲ್ಮನವಿ. ಸ್ಪೀಕರ್ ಇದ್ದೂ ಮೌನವಾಗಿದ್ದರೆ ಅನುಮಾನ ಆ ಮೂರರ ಮೇಲೆ ಅಥವಾ ಎಸ್‌ಎಂಪಿಎಸ್ ಮೇಲೆ ಹೋಗುತ್ತದೆ. ಇತ್ತೀಚಿನ ಕೆಲವು ಬೋರ್ಡುಗಳಲ್ಲಿ ಬೀಪ್ ಬದಲು ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಬರೆದ ನಾಲ್ಕು ದೀಪಗಳಿರುತ್ತವೆ. ಯಾವುದು ಹತ್ತಿ ನಿಲ್ಲುತ್ತದೋ ತಡೆ ಅಲ್ಲಿದೆ. ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ನಿನ 12 ವೋಲ್ಟ್ ಕೇಬಲ್ ಸಡಿಲವಾಗಿದ್ದರೂ ಫ್ಯಾನ್ ತಿರುಗಿ ಪರದೆ ಕಪ್ಪಾಗಿರುತ್ತದೆ. ನಾಣ್ಯದಂತಿರುವ 3 ವೋಲ್ಟಿನ ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟು ಹಾಕಿದರೆ ಕೆಟ್ಟುಹೋದ ಬಯಾಸ್ ಹೊಂದಾಣಿಕೆಗಳು ಮೊದಲಿನ ಸ್ಥಿತಿಗೆ ಮರಳುತ್ತವೆ.

ಇದು ಕಪ್ಪು ಪರದೆಯ ಕಥೆಯಾಯಿತು. ತಾನಾಗಿ ಆರುವುದಕ್ಕೆ ಕಾರಣ ಹುಡುಕಲು ಬೇಕಾದದ್ದು ಗಡಿಯಾರ. ಎಷ್ಟು ಹೊತ್ತಿಗೆ ಆರಿತು?

ಒಂದೆರಡು ಸೆಕೆಂಡಿನಲ್ಲೇ ಆರಿದರೆ ಎಲ್ಲೋ ಶಾರ್ಟ್ ಸರ್ಕ್ಯೂಟ್ ಆಗಿ ಎಸ್‌ಎಂಪಿಎಸ್ ತನ್ನನ್ನು ರಕ್ಷಿಸಿಕೊಳ್ಳುತ್ತಿದೆ. ಬೋರ್ಡಿನ ಕೆಳಗೆ ಬಿದ್ದ ಒಂದು ಸ್ಕ್ರೂ ಸಾಕು ಇದಕ್ಕೆ. ಹತ್ತು ಹದಿನೈದು ನಿಮಿಷ ಓಡಿ ಆರಿ, ಕೂಡಲೇ ಮತ್ತೆ ಹಾಕಿದರೆ ಇನ್ನೂ ಬೇಗ ಆರಿ, ಒಂದು ಗಂಟೆ ಬಿಟ್ಟು ಹಾಕಿದರೆ ಮತ್ತೆ ಮೊದಲಿನಷ್ಟೇ ಓಡಿದರೆ ಅದು ಬಿಸಿಯ ಕಾಯಿಲೆ. ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರ್ ದುಡಿಯುವಾಗ 65 ವ್ಯಾಟ್‌ನಷ್ಟು ಶಾಖ ಹೊರಹಾಕಬಹುದು. ಹಳೆಯ 60 ವ್ಯಾಟ್ ಬಲ್ಬನ್ನು ಬರಿಗೈಯಲ್ಲಿ ಮುಟ್ಟಲಾಗುತ್ತಿತ್ತೇ? ಅಷ್ಟು ಶಾಖ ಉಗುರಗಲದ ಚಿಪ್ಪಿನಲ್ಲಿ ಹುಟ್ಟುತ್ತದೆ. ಉಷ್ಣತೆ 100 ಡಿಗ್ರಿಯ ಆಸುಪಾಸಿಗೆ ಬಂದಾಗ ಅದು ಮೊದಲು ವೇಗ ತಗ್ಗಿಸುತ್ತದೆ, ಅದೂ ಸಾಲದಾದಾಗ ಸುಟ್ಟುಹೋಗದಿರಲು ವಿದ್ಯುತ್ತನ್ನೇ ಕಡಿದುಕೊಳ್ಳುತ್ತದೆ. ಕಲಬುರಗಿ, ರಾಯಚೂರುಗಳಲ್ಲಿ ಮೇ ತಿಂಗಳ ಗಾಳಿಯೇ 40 ಡಿಗ್ರಿ ದಾಟಿರುವಾಗ ಫ್ಯಾನ್ ಬೀಸುವುದೂ ಅದೇ ಗಾಳಿಯನ್ನು ತಾನೆ? ಧೂಳು ಕಟ್ಟಿದ ಫ್ಯಾನನ್ನು ಬೆರಳಿನಿಂದ ತಿರುಗದಂತೆ ಹಿಡಿದು ಮೆದು ಬ್ರಷ್‌ನಿಂದ ಶುಚಿ ಮಾಡಿ. ಇಂಟೆಲ್ ಫ್ಯಾನಿನ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳಲ್ಲಿ ಒಂದು ಎದ್ದಿದ್ದರೂ ಲೋಹ ಚಿಪ್ಪಿಗೆ ಸರಿಯಾಗಿ ತಾಗುವುದಿಲ್ಲ. ನಡುವಿನ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿದ್ದರೆ ಹಳೆಯದನ್ನು ಒರೆಸಿ, ಬಟಾಣಿ ಕಾಳಿನಷ್ಟು ಹೊಸದನ್ನು ಹಚ್ಚಬೇಕು. ಹೆಚ್ಚು ಬಳಿದರೆ ಹೆಚ್ಚು ತಂಪು ಎಂಬುದು ಸುಳ್ಳು.

ಹೊತ್ತುಗೊತ್ತಿಲ್ಲದೆ, ಆದರೆ ಆಟವಾಡುವಾಗ ಅಥವಾ ವಿಡಿಯೋ ಸಂಕಲನದಂತಹ ಭಾರದ ಕೆಲಸದಲ್ಲೇ ಆರುತ್ತಿದ್ದರೆ ಬಿಸಿಯ ಜೊತೆಗೆ ಎಸ್‌ಎಂಪಿಎಸ್ ಕೂಡ ಸೋತಿರಬಹುದು. ಬೋರ್ಡಿನ ಮೇಲಿನ ಕೆಪಾಸಿಟರುಗಳ ತಲೆ ಉಬ್ಬಿದೆಯೇ ನೋಡಿ. 2000ದ ದಶಕದ ಮೊದಲ ವರ್ಷಗಳಲ್ಲಿ ತಯಾರಾದ ಅನೇಕ ಬೋರ್ಡುಗಳು ಈ ದೋಷದಿಂದಲೇ ಕೆಟ್ಟವು. ಯುಪಿಎಸ್ ಬಿಟ್ಟು ನೇರವಾಗಿ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿ ನೋಡುವುದನ್ನೂ ಮರೆಯಬೇಡಿ. ಯುಪಿಎಸ್ ಬ್ಯಾಟರಿ ಸೋತಿದ್ದರೆ ವಿದ್ಯುತ್ ಹೋದ ಕ್ಷಣವೇ ಕಂಪ್ಯೂಟರೂ ಆರುತ್ತದೆ, ಬೈಗುಳ ಮಾತ್ರ ಕಂಪ್ಯೂಟರಿಗೆ.

ಇಷ್ಟೆಲ್ಲ ಮಾಡಿಯೂ ಯಂತ್ರ ಏಳದಿದ್ದರೆ ಅದನ್ನು ಬಲ್ಲವರ ಬಳಿಗೆ ಒಯ್ಯಲೇಬೇಕು. ಆಗ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಎಷ್ಟು ನಿಮಿಷಕ್ಕೆ ಆರುತ್ತದೆ, ನಮ್‌ಲಾಕ್ ದೀಪ ಹತ್ತುತ್ತದೆಯೇ, ರ‍್ಯಾಮ್ ತೆಗೆದಾಗ ಬೀಪ್ ಬಂತೇ, ಬೇರೆ ಮಾನಿಟರ್ ಹಾಕಿದಾಗ ಏನಾಯಿತು. ಡಿಸ್ಕನ್ನು ಬಿಚ್ಚಿ ಮನೆಯಲ್ಲೇ ಇಟ್ಟು ಹೋದರೂ ತಪ್ಪಿಲ್ಲ. ಪರದೆ ಬೆಳಗಿಸಲು ಅದು ಬೇಕಾಗುವುದಿಲ್ಲ.