ನರಗುಂದದ ದೊರೆಮನೆ



ನರಗುಂದದ ಗುಡ್ಡವನ್ನು ಕಾಣದವರು ಈ ಸಭೆಯಲ್ಲಿ ಇರಲಿಕ್ಕಿಲ್ಲ. ಆ ಕೋಟೆಯನ್ನಾಳಿದ ಭಾಸ್ಕರರಾವ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬರು. ಅವರಿಗೆ ಮಕ್ಕಳಿರಲಿಲ್ಲ, ದತ್ತಕ ಬೇಡಿದರೆ ಕಂಪನಿ ಸರಕಾರ ಒಪ್ಪಲಿಲ್ಲ. ತಮ್ಮೊಂದಿಗೇ ಸಂಸ್ಥಾನ ಅಳಿಯುವುದೆಂದು ತಿಳಿದು ಬೆಂದ ಮನಸ್ಸು ಅದು. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಇಳಿದುಕೊಂಡಿದ್ದ ಪೊಲಿಟಿಕಲ್ ಏಜೆಂಟ ಮ್ಯಾನ್ಸನ್ನನನ್ನು ಕೊಂದರು. ಆ ಪರದೇಶಿಯೂ ಒಬ್ಬ ತಾಯಿಯ ಮಗನೇ. ಐದು ದಿನಗಳೊಳಗೆ ಕೋಟೆ ಬಿತ್ತು. ತೊರಗಲ್ಲ ಅಡವಿಯಲ್ಲಿ ಸೆರೆಸಿಕ್ಕ ದೊರೆಯನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ದೊರೆಯ ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಲಿ. ಅವರ ತಾಯಿ ಮತ್ತು ಮಡದಿ ಮಲಪ್ರಭೆಯ ಪಾಲಾದರು. ಮಾನ ಉಳಿಸಿಕೊಂಡರೆಂದು ಅದನ್ನೂ ಕೊಂಡಾಡುವವರುಂಟು. ಹಾಗೆನ್ನಲು ನಮಗೆ ನಾಲಿಗೆ ಏಳುವುದಿಲ್ಲ. ಅತ್ತೆ ಸೊಸೆಯರಿಬ್ಬರೂ ಹೊಳೆಯ ದಂಡೆಗೆ ಬಂದಾಗ, “ಒಳಗ ಬರ್ರೆವ್ವಾ, ಕೂಡ್ರಿ” ಎಂಬ ಒಂದು ದನಿ ಅವರ ಕಿವಿಗೆ ಬಿದ್ದಿದ್ದರೆ?

ದೊರೆಮನೆಯ ಮಾತು ದೂರದ್ದಾಯಿತು. ರೋಣ, ಗಜೇಂದ್ರಗಡದ ಕಡೆ ಮಳೆ ಕೈಕೊಟ್ಟ ವರ್ಷ ಸಾಲ ಕೊಟ್ಟವರು ಬಡವನ ಬಾಗಿಲಿಗೆ ಬರುತ್ತಾರೆ. ಆ ಮನೆಯವರು ಎದುರಾದರೆ ನಾವು ಸಂಕೋಚದಿಂದ ಬೇರೆ ಓಣಿ ಹಿಡಿಯುತ್ತೇವೆ. ಸಾಲ ತೀರಿಸುವ ಶಕ್ತಿ ನಮಗಿರಲಿಕ್ಕಿಲ್ಲ, ಕಟ್ಟೆಯ ಮೇಲೆ ಒಂದು ಗಳಿಗೆ ಕೂಡ್ರುವ ಶಕ್ತಿಯುಂಟಲ್ಲ! ಇಂದು ಮನೆಗೆ ಮರಳುವಾಗ ಅಂಥ ಒಂದು ಬಾಗಿಲಲ್ಲಿ ನಿಂತು ರೊಟ್ಟಿ ತಿಂದಿರೇನೆಂದು ಕೇಳಿರಿ. ಹೊತ್ತು ಮುಳುಗಿದೆ, ಹೊಲದಿಂದ ಯಾರಾದರೂ ಇನ್ನೂ ಬಾರದಿದ್ದರೆ, ಇಬ್ಬರು ಬ್ಯಾಟರಿ ಹಿಡಿದು ಕರೆತರಲು ಹೋಗಿರಿ.